ಹಸು ಕಾಲಿಡಲೊಲ್ಲದ ಅಂಗಳ

ಶ್ರಾವಣದ ಒಂದು ಬುಧವಾರ ಬೆಳಗಿನ ಜಾವ, ಸಣ್ಣ ಮಳೆಯಲ್ಲಿ, ನಾನೂ ನನ್ನ ಪತ್ನಿ ಕಮಲಾಳೂ ಮೇರಿಲ್ಯಾಂಡ್ ರಾಜ್ಯದ ಜರ್ಮನ್‌ಟೌನಿನ ನಮ್ಮ ಅಪಾರ್ಟ್‌ಮೆಂಟಿನಿಂದ ಹೊರಟೆವು. ಹೋಗಬೇಕಾಗಿದ್ದುದು ಅರಿಝೋನಾ ರಾಜ್ಯದ ಫೀನಿಕ್ಸ್ ನಗರಕ್ಕೆ. ನಡುವೆ ಅಟ್ಲಾಂಟಾದಲ್ಲಿ ವಿಮಾನ ಬದಲಿಸಬೇಕಿತ್ತು. ಫೀನಿಕ್ಸಿನಲ್ಲಿ ಕಮಲಾಳ ತಮ್ಮ ಗುರುರಾಜ ಮನೆ ಕೊಂಡಿದ್ದ, ಶುಕ್ರವಾರ ಗೃಹಪ್ರವೇಶ. ಊಟ ಮಾಡಿ ಹರಸಿ ಬರುವ ಪ್ರಯಾಣವಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಆ ಮನೆಯಲ್ಲಿ ಅವನು ಅಕ್ಕನಿಗೆಂದು ಒಂದು ಕೋಣೆಯನ್ನು ಮೀಸಲಿಟ್ಟಿದ್ದ. ಮೇರಿಲ್ಯಾಂಡಿನ ಚಳಿಗೆ ಕಮಲಾಳ ಮೊಣಕಾಲುಗಳು ಮರಗಟ್ಟುತ್ತವೆ; ಅಲ್ಲಿಗೆ ಹೋಗಿ ನೆಲೆಸಿದರೆ ನೋವು ಇಳಿದೀತೆಂಬುದು ಅವಳ ಆಸೆ. ಮನಸ್ಸಿನಲ್ಲಿ ಅವಳು ಆಗಲೇ ಗಂಟುಮೂಟೆ ಕಟ್ಟಿಯಾಗಿತ್ತು. ನನ್ನ ಒಪ್ಪಿಗೆಯೊಂದು ಬಾಕಿ. ನೋಡಿ ಹೇಳುತ್ತೇನೆ ಎಂದಿದ್ದೆ.

ಬಿಸಿಲು ನನಗೆ ಹೊಸದಲ್ಲ. ಸೇವೆಯ ಬಹುಭಾಗವನ್ನು ರಾಯಚೂರು ಸೀಮೆಯ ರಸ್ತೆಗಳ ಮೇಲೆ ಕಳೆದ ಎಂಜಿನಿಯರ್ ನಾನು. ವೈಶಾಖದ ಮಧ್ಯಾಹ್ನ ಕುದಿಯುವ ಡಾಂಬರಿನ ಪಕ್ಕ ನಿಂತು ಕೆಲಸ ಮಾಡಿಸಿದ್ದೇನೆ. ಮುಂದೆ ನಾನು ಹೆದರಿದೆನೆಂದು ಬರೆಯುವಲ್ಲಿ ಓದುಗರು ಅದನ್ನು ಪುಕ್ಕಲನ ಮಾತೆಂದು ತಳ್ಳಿಹಾಕಬಾರದು. ಅಷ್ಟಕ್ಕಾಗಿ ಇದನ್ನು ಹೇಳಿಕೊಂಡೆ.

ಅಟ್ಲಾಂಟಾದಲ್ಲಿ ಗುಡುಗು ಮಳೆಯಿಂದಾಗಿ ವಿಮಾನ ತಡವಾಯಿತು. ಬುತ್ತಿಯ ಚಪಾತಿ, ಶೇಂಗಾ ಚಟ್ನಿಪುಡಿ ಬಿಚ್ಚಿದಾಗ ಎದುರಿಗೆ ಕುಳಿತಿದ್ದ ತರುಣಿಯೊಬ್ಬಳು ಕನ್ನಡದಲ್ಲಿ ಮಾತಿಗಾರಂಭಿಸಿದಳು. ಮೈಸೂರಿನವಳು, ಫೀನಿಕ್ಸಿನಲ್ಲಿ ಕೆಲಸ.

"ಆಗಸ್ಟ್‌ನಲ್ಲಿ ಯಾಕೆ ಅಂಕಲ್ ಹೋಗ್ತಿದೀರಾ? ಸಮ್ಮರ್‌ನಲ್ಲಿ ನಾನು ಓವನ್ ಗ್ಲೌಸ್ ಹಾಕ್ಕೊಂಡು ಡ್ರೈವ್ ಮಾಡ್ತೀನಿ. ಸ್ಟೀರಿಂಗ್ ಮುಟ್ಟಕ್ಕಾಗಲ್ಲ."

ತಮಾಷೆಯೆಂದು ಕಮಲಾ ನಕ್ಕಳು. ಆ ತರುಣಿ ನಗಲಿಲ್ಲ. "ಆಂಟಿ, ನೀವು ಏನಾದ್ರೂ ಟ್ಯಾಬ್ಲೆಟ್ ತಗೊಳ್ತೀರಾ?" ಎಂದು ಕೇಳಿದಳು. ರಕ್ತದೊತ್ತಡಕ್ಕೆಂದು ಕಮಲಾ ದಿನವೂ ನುಂಗುವುದು ಮೈಯ ನೀರನ್ನು ಇಳಿಸುವ ಗುಳಿಗೆ. ಅದನ್ನು ಕೇಳಿ ಆ ತರುಣಿ ನನ್ನ ಕಡೆ ತಿರುಗಿ, "ಅಂಕಲ್, ಬಾಯಾರಿಕೆ ಆಗೋವರೆಗೂ ಕಾಯಬೇಡಿ. ಕುಡಿಸ್ತಾನೇ ಇರಿ" ಎಂದಳು. ಮಗಳ ವಯಸ್ಸಿನವಳ ಮುಖದಲ್ಲಿದ್ದ ಆ ಗಾಂಭೀರ್ಯವನ್ನು ಕಂಡು ನಾನು ಚಪಾತಿ ಕೆಳಗಿಟ್ಟು ನೀರಿನ ಬಾಟಲಿಯನ್ನು ಕಮಲಾಳ ಮುಂದೆ ಸರಿಸಿದೆ.

ಫೀನಿಕ್ಸಿನಲ್ಲಿ ಇಳಿದಾಗ ಸಂಜೆ. ಗುರುರಾಜ ಒಳಗೆ ಬರಲಿಲ್ಲ. ಫೋನಿನಲ್ಲಿ, "ಹೊರಗ ಬಂದ ನಿಂದರ್ರಿ, ಗಾಡಿ ತರ್ತೀನಿ" ಎಂದ. ಬಾಗಿಲು ಸರಿದೊಡನೆ ಇಟ್ಟಿಗೆ ಭಟ್ಟಿಯ ಬಾಯಿಗೆ ಮುಖ ಒಡ್ಡಿದಂತಾಯಿತು. ಉಸಿರೆಳೆದರೆ ಮೂಗಿನ ಒಳಗೆ ಉರಿ. ಸೂರ್ಯ ಇಳಿಯುತ್ತಿದ್ದ, ತಾಪ ಇಳಿಯುತ್ತಿರಲಿಲ್ಲ. ಕಾರು ಬಂತು. ನನ್ನ ಕೈಯಲ್ಲಿದ್ದ ಛತ್ರಿಯನ್ನು ಕಂಡು ಅವನ ಮೊದಲ ಮಾತು:

"ಏನ್ ಭಾವಾ, ರಾಯಚೂರವ್ರು ಬಿಸಲಿಗೆ ಅಂಜತೀರೇನು? ಇದು ಒಣಾ ಬಿಸಲು. ಬೆವರೂ ಬರೂದಿಲ್ಲ."

"ಹಂಚಿನ ಮ್ಯಾಲಿನ ರೊಟ್ಟಿಗೂ ಬೆವರು ಬರೂದಿಲ್ಲಪ್ಪಾ" ಎಂದೆ.

ಕಮಲಾ ನನ್ನ ಮೊಣಕೈ ತಿವಿದಳು. ನಮ್ಮ ಲಗ್ನದ ದಿನ ಇಡೀ ಪಂಕ್ತಿಗೆ ಕೇಳುವಂತೆ ನನ್ನನ್ನು "ಕಾರಕೂನ" ಎಂದವನು ಇವನೇ. ಆಗ ಹುಡುಗನಿದ್ದ ಎಂದು ಅವಳು ವಾದಿಸುತ್ತಾಳೆ. ಮಾತಿಗೆ ವಯಸ್ಸಿಲ್ಲ.

ಮನೆ ಹಳೆಯದು, ಗುರುರಾಜನಿಗಷ್ಟೇ ಹೊಸದು. ಬಾಡಿಗೆ ಮನೆಯ ಅವಧಿ ಮುಗಿದದ್ದರಿಂದ ಅವರು ಆಗಲೇ ಬಂದು ವಾಸವಾಗಿದ್ದರು; ಶಾಸ್ತ್ರವೊಂದು ಬಾಕಿ. ಕಾಲು ತೊಳೆಯಲೆಂದು ಬಚ್ಚಲಿಗೆ ಹೋಗಿ ಎಡಗಡೆಯ ನಲ್ಲಿ ತಿರುಗಿಸಿದೆ: ಬಿಸಿನೀರು. ಬಲಗಡೆಯದನ್ನು ತಿರುಗಿಸಿದೆ: ಅದೂ ಬಿಸಿನೀರು. ತಣ್ಣೀರಿನ ನಲ್ಲಿ ಯಾವುದೆಂದು ಗುರುರಾಜನ ಹೆಂಡತಿ ವೀಣಾಳನ್ನು ಕೇಳಿದೆ.

"ಅದು ತಣ್ಣೀರೇ, ಅಣ್ಣಾವ್ರ" ಎಂದಳು ಆಕೆ ಸಂಕೋಚದಿಂದ. "ಬ್ಯಾಸಗಿ ಮುಗಿಯೂತನಕ ಹಿಂಗ. ಖರೆ ತಣ್ಣೀರು ಫ್ರಿಜ್ಜಿನ್ಯಾಗಷ್ಟ."

ಗುರುವಾರ ಸೂರ್ಯೋದಯಕ್ಕೆ ಮುಂಚೆ ತಿರುಗಾಡಲು ಹೊರಟೆ. ರಾತ್ರಿಯಿಡೀ ಆರದ ಕಾಂಪೌಂಡು ಗೋಡೆ ಅಂಗೈಗೆ ಬೆಚ್ಚಗೆ ತಾಗಿತು. ಓಡುವವರೂ ಕೂಸಿನ ಗಾಡಿ ತಳ್ಳುವವರೂ ಆ ನಸುಬೆಳಕಿನಲ್ಲೇ ಎಲ್ಲವನ್ನೂ ಮುಗಿಸಿಕೊಳ್ಳುವ ಅವಸರದಲ್ಲಿದ್ದರು. ಒಬ್ಬ ಮುದುಕ ತನ್ನ ನಾಯಿಯ ನಾಲ್ಕೂ ಕಾಲಿಗೆ ಬೂಟು ಹಾಕಿದ್ದ. ಹೆಜ್ಜೆಯಿಡುವ ಮೊದಲು ಬಗ್ಗಿ, ಕೈಯ ಹಿಂಬದಿಯನ್ನು ನೆಲಕ್ಕೆ ಒತ್ತಿ ಪರೀಕ್ಷಿಸುತ್ತಿದ್ದ. ನಾನು ನೋಡುವುದನ್ನು ಕಂಡು, "ನನ್ನ ಕೈ ತಾಳದ ನೆಲವನ್ನು ಇವನ ಕಾಲೂ ತಾಳದು" ಎಂದು ಇಂಗ್ಲಿಷಿನಲ್ಲಿ ಹೇಳಿ ಮುಂದೆ ಹೋದ. ಬಿಸಿಲೇರಿದ ಮೇಲೆ ಕಿಟಕಿಯಿಂದ ನೋಡಿದರೆ ಬೀದಿಯಲ್ಲಿ ನರಪಿಳ್ಳೆಯಿಲ್ಲ. ಮನೆಗಳೆಲ್ಲ ಪರದೆ ಎಳೆದುಕೊಂಡು ಕುಳಿತಿದ್ದವು. ಕರ್ಫ್ಯೂ ಬಿದ್ದ ಊರುಗಳನ್ನು ನಾನು ನೋಡಿದ್ದೇನೆ. ಅಲ್ಲಿ ಒಬ್ಬ ಪೊಲೀಸನಾದರೂ ಇರುತ್ತಾನೆ.

ಅಂದು ಮಧ್ಯಾಹ್ನ ಊಟಕ್ಕೆ ಕುಳಿತಿದ್ದೆವು: ಜೋಳದ ರೊಟ್ಟಿ, ಎಣ್ಣೆಗಾಯಿ. ಗುರುರಾಜ ನನ್ನ ಛತ್ರಿಯ ಕಥೆಯನ್ನು ಫೋನಿನಲ್ಲಿ ಇನ್ಯಾರಿಗೋ ಬಣ್ಣಿಸುತ್ತಿದ್ದ. ಆಗ ವಿದ್ಯುತ್ತು ಹೋಯಿತು. ಮಾಳಿಗೆಯ ಮೇಲಿನ ತಂಪುಯಂತ್ರದ ಸದ್ದು ನಿಂತಿತು. ಬಂದಾಗಿನಿಂದ ಆ ಸದ್ದು ಕಿವಿಗೆ ಎಷ್ಟು ಒಗ್ಗಿತ್ತೆಂಬುದು ನಿಂತ ಮೇಲೆಯೇ ತಿಳಿದದ್ದು. ಗುರುರಾಜ ಅರ್ಧ ವಾಕ್ಯದಲ್ಲೇ ಫೋನು ಕೆಳಗಿಟ್ಟ. ವೀಣಾ ಎದ್ದು ಕಾರಿನ ಕೀಲಿ ಹುಡುಕಿ ಮೇಜಿನ ಮೇಲಿಟ್ಟಳು. ಇಬ್ಬರೂ ಛಾವಣಿ ನೋಡುತ್ತ ಕುಳಿತರು. ಕೋಣೆಯ ಗಾಳಿ ಮೆಲ್ಲನೆ ದಪ್ಪಗಾಗುತ್ತ ಬಂತು. ಸ್ವಲ್ಪ ಹೊತ್ತಿಗೆ ಯಂತ್ರ ಮತ್ತೆ ಗುರುಗುಟ್ಟಿತು, ಗುರುರಾಜನೂ ಮತ್ತೆ ನಕ್ಕ. ಆದರೆ ಆ ನಡುವೆ ನಾನು ಅವನ ಮುಖ ನೋಡಿದ್ದೆ.

ನಮ್ಮ ಸೀಮೆಯ ಮನೆಗೆ ಮೊಳದಪ್ಪ ಮಣ್ಣಿನ ಗೋಡೆಯಿತ್ತು, ಬಾಗಿಲಲ್ಲಿ ಬೇವಿನ ಮರವಿತ್ತು. ಹೊತ್ತು ಮುಳುಗಿದ ಮೇಲೆ ಮಾಳಿಗೆಗೆ ನೀರು ಚಿಮುಕಿಸಿ ಹಾಸಿಗೆ ಹಾಸುತ್ತಿದ್ದೆವು. ಬಿಸಿಲಿಗೆ ಒಂದು ಮುಕ್ತಾಯವಿತ್ತು. ಇಲ್ಲಿಯದು ಹಲಗೆ ಮತ್ತು ಜಿಪ್ಸಮ್ ಹಾಳೆಗಳ ಪೆಟ್ಟಿಗೆ. ಅದರೊಳಗಿನ ಜೀವಗಳೆಲ್ಲ ಒಂದು ಯಂತ್ರದ ಉಸಿರಿನ ಮೇಲೆ ತೂಗುತ್ತಿವೆ. ಇದನ್ನು ಕಮಲಾಳಿಗೆ ಹೇಳಿದೆ. "ನಿಮಗ ನನ್ನ ತವರಿನದು ಯಾವುದು ಸೇರೇದ, ಹೇಳ್ರಿ" ಎಂದಳು.

ಸಂಜೆ ಇನ್ನೊಂದು ಸುದ್ದಿ ಬಂತು. ಗೃಹಪ್ರವೇಶಕ್ಕೆ ಮೊದಲು ಹಸು ಹೊಸ್ತಿಲು ದಾಟಬೇಕಷ್ಟೆ. ಊರಾಚೆಯ ಒಬ್ಬ ಗೋಪಾಲಕಿ ಇಂಥ ಸಮಾರಂಭಗಳಿಗೆ ತನ್ನ ಹಸುವನ್ನು ಕರೆತರುತ್ತಿದ್ದಳಂತೆ. ಅವಳು ಫೋನು ಮಾಡಿ ಬರುವುದಿಲ್ಲವೆಂದಳು. ಈ ತಾಪದಲ್ಲಿ ತನ್ನ ಹಸುವನ್ನು ಗಾಡಿಯಲ್ಲಿ ತಂದು ಸಿಮೆಂಟಿನ ಮೇಲೆ ನಿಲ್ಲಿಸಲಾರೆ, ಮುಂಗಡ ಮರಳಿಸುತ್ತೇನೆ, ಕ್ಷಮಿಸಿ ಎಂದು.

"ಹಸುವಿನ ನಖರಾ ನೋಡ್ರಿ ಭಾವಾ!" ಎಂದ ಗುರುರಾಜ.

ಪುರೋಹಿತರನ್ನು ಕೇಳಿದಾಗ, ಬೆಳ್ಳಿಯ ಹಸು-ಕರುವನ್ನು ತಟ್ಟೆಯಲ್ಲಿಟ್ಟು ಮನೆಯ ಹೆಣ್ಣುಮಗಳು ಮುಂದೆ ನಡೆದರೆ ಸಾಕೆಂದು ಪರಿಹಾರ ಹೇಳಿದರು. ಮನೆಯ ಹೆಣ್ಣುಮಗಳೆಂದರೆ ಕಮಲಾ. ಅವಳ ಮುಖ ಅರಳಿತು.

ಶುಕ್ರವಾರ ಪುರೋಹಿತರಿಗೆ ಬೇರೆ ಎರಡು ಮನೆಗಳಿದ್ದುದರಿಂದ ನಮ್ಮ ಸರದಿ ಬಂದಾಗ ಬಿಸಿಲು ನೆತ್ತಿಯ ಸಮೀಪದಲ್ಲಿತ್ತು. ಕಮಲಾ ಬೆಳಿಗ್ಗೆ ಗುಳಿಗೆ ನುಂಗಲು ಕುಡಿದ ಗುಟುಕು ನೀರಿನ ಮೇಲೆ ಬೇರೇನನ್ನೂ ಮುಟ್ಟಿರಲಿಲ್ಲ; ಪೂರ್ಣಾಹುತಿಯಾಗುವವರೆಗೆ ಉಪವಾಸವೆಂದು ಹಟ. ಬೀದಿಯಂಚಿನಲ್ಲಿ ರೇಷ್ಮೆ ಸೀರೆಯುಟ್ಟು, ತಟ್ಟೆ ಹಿಡಿದು, ಅವಳು ಚಪ್ಪಲಿ ಬಿಟ್ಟಳು.

"ಚಪ್ಪಲಿ ಇರಲಿ" ಎಂದೆ.

"ನಾಲ್ಕು ಹೆಜ್ಜೆ ತಾನೆ ಸಾರ್" ಎಂದರು ಪುರೋಹಿತರು.

"ಸುಮ್ಮನಿರ್ರಿ" ಎಂದಳು ಕಮಲಾ. "ತಮ್ಮನ ಮನಿ ಹೊಸ್ತಿಲಾ ಚಪ್ಪಲ ಹಾಕ್ಕೊಂಡು ದಾಟ್ಲೇನು?"

"ತಡೀರಿ ಭಾವಾ, ಅಂಗಳಕ್ಕ ನೀರು ಹಾಕ್ತೀನಿ, ತಂಪಾಗ್ತದ" ಎಂದು ಗುರುರಾಜ ತೋಟದ ಪೈಪು ಎತ್ತಿ ನಲ್ಲಿ ತಿರುಗಿಸಿದ. ಆಗಲೇ ಮಂತ್ರ ಶುರುವಾಗಿತ್ತು, ಕಮಲಾ ಹೆಜ್ಜೆಯಿಟ್ಟಿದ್ದಳು. ಬೆಳಗಿನಿಂದ ಬಿಸಿಲಿಗೆ ಬಿದ್ದಿದ್ದ ಪೈಪಿನೊಳಗಿನ ನೀರು ಕುದಿಬಂದ ನೀರಿನಂತಿತ್ತು. ಅದರ ಮೊದಲ ಧಾರೆ ಅವಳ ಪಾದಗಳ ಮೇಲೆಯೇ ಬಿತ್ತು. ಆ ಊರಿನಲ್ಲಿ ವರ್ಷಗಳಿಂದ ಇರುವ ಗುರುರಾಜನಿಗೆ ಇದು ತಿಳಿಯದ್ದೇನಲ್ಲ, ಸಡಗರದಲ್ಲಿ ಮರೆತ. ಅವಳ ಮೈ ಒಮ್ಮೆ ಅದುರಿದ್ದನ್ನು ಕಂಡೆ. ತಟ್ಟೆ ಅಲುಗಲಿಲ್ಲ. ಗುರುರಾಜ ಪೈಪು ಬಿಸಾಡಿ "ಅಕ್ಕಾ!" ಎಂದು ಕೂಗಿದ. ಅವಳು ತಿರುಗಿ ನೋಡಲಿಲ್ಲ. ಆ ಮೊಣಕಾಲುಗಳಿಂದ ಬೇಗ ನಡೆಯಲೂ ಆಗದು. ಕಾದ ಸಿಮೆಂಟಿನ ಉದ್ದಕ್ಕೂ ಒಂದೊಂದೇ ಹೆಜ್ಜೆಯೂರುತ್ತ ಹೋಗಿ, ಬಲಗಾಲಿಟ್ಟು ಹೊಸ್ತಿಲು ದಾಟಿದಳು. ಒಂದು ಹಸುವಿಗೆ ಅದರ ಒಡತಿ ಬೇಡವೆಂದ ದಾರಿಯಲ್ಲಿ, ಮೂವತ್ತು ಜನ ವಿದ್ಯಾವಂತರು ನೋಡುತ್ತಿರುವಾಗ, ನನ್ನ ಹೆಂಡತಿ ನಡೆದಳು.

ಒಳಗೆ ಹೋಮಕ್ಕೆಂದು ತಂಪುಯಂತ್ರ ನಿಲ್ಲಿಸಿದ್ದರು; ಹೊಗೆ ಹೋಗಲೆಂದು ಹಿಂಬಾಗಿಲು ತೆರೆದಿದ್ದರು. ಹೊಗೆ ಹೋಗಲಿಲ್ಲ, ಮರುಭೂಮಿ ಒಳಗೆ ಬಂತು. ಕಮಲಾ ಪಾದಗಳನ್ನು ಸೀರೆಯೊಳಗೆ ಮುಚ್ಚಿಕೊಂಡು ಮಣೆಯ ಮೇಲೆ ಕುಳಿತಿದ್ದಳು. ಕೇಳಿದರೆ "ಏನೂ ಆಗಿಲ್ಲ." ನೀರಿನ ಲೋಟ ಹಿಡಿದರೆ ತಲೆಯಲ್ಲಾಡಿಸಿದಳು. ಎಲ್ಲರೂ ಬೆವರು ಒರೆಸಿಕೊಳ್ಳುತ್ತಿದ್ದರು. ಅವಳ ಹಣೆ ಮಾತ್ರ ಒಣಗಿ ಕೆಂಪಾಗಿತ್ತು. ಆಗ ನನ್ನ ಕಡೆ ತಿರುಗಿ, ಮುಗುಳ್ನಕ್ಕು, ಕೇಳಿದಳು:

"ಮಳಿ ಬಂತೇನ್ರಿ? ಹಪ್ಪಳಾ ಒಳಗ ತಗೋರಿ."

ಅವಳ ತೋಳು ಹಿಡಿದೆ. "ಏಳು" ಎಂದೆ. ಏಳಲಾಗಲಿಲ್ಲ.

"ಪೂರ್ಣಾಹುತಿ ಒಂದೇ ಬಾಕಿ, ಐದ ಮಿನಿಟ ಭಾವಾ" ಎಂದ ಗುರುರಾಜ.

ಪುರೋಹಿತರ ಪಕ್ಕದಲ್ಲಿದ್ದ ಕೊಡವನ್ನೆತ್ತಿ ಅವಳ ತಲೆಯ ಮೇಲೆ ಸುರಿದೆ. ಅರ್ಧ ನೀರು ಹೋಮಕುಂಡಕ್ಕೆ ಬಿದ್ದು ಬೂದಿಯೆದ್ದಿತು. ಯಾರೋ "ಅಪಶಕುನ" ಎಂದರು. ಯಾರೆಂಬುದನ್ನು ನಾನು ಬಲ್ಲೆ. ವೀಣಾ ಮಾತ್ರ ಎಲ್ಲ ಬಿಟ್ಟು ಓಡಿಬಂದು ಫ್ರಿಜ್ಜಿನ ಐಸನ್ನು ಅವಳ ಕಂಕುಳಿಗೆ ಒತ್ತಿದಳು, ಆಂಬುಲೆನ್ಸಿಗೆ ಫೋನು ಮಾಡಿದಳು. ಅದು ಬರುವವರೆಗೆ ಕಮಲಾ ನನ್ನನ್ನು ಎರಡು ಸಲ ತನ್ನ ತಂದೆಯೆಂದು ತಿಳಿದು ಮಾತಾಡಿಸಿದಳು. ಎರಡು ಸಲವೂ ನಾನು ಓಗೊಟ್ಟೆ.

ಆಸ್ಪತ್ರೆಯಲ್ಲಿ ಮೈಯ ತಾಪ ಇಳಿಸಿದರು, ನರಕ್ಕೆ ಸಲೈನ್ ಹಾಕಿದರು. ಪಾದಗಳ ಮೇಲೂ ಅಡಿಯಲ್ಲೂ ಬೊಬ್ಬೆಗಳೆದ್ದಿದ್ದವು. ಸುತ್ತುಪಟ್ಟಿ ಕಟ್ಟಿದ ನರ್ಸು, ಬೇಸಿಗೆಯಲ್ಲಿ ಇಂಥ ಪಾದಗಳು ತಮಗೆ ಹೊಸದಲ್ಲವೆಂದಳು. ಅದು ಸಮಾಧಾನದ ಮಾತೋ ಎಚ್ಚರಿಕೆಯೋ ನನಗೆ ತಿಳಿಯಲಿಲ್ಲ. ಸಂಜೆಯ ಹೊತ್ತಿಗೆ ಕಮಲಾ ನನ್ನನ್ನು ನಾನೆಂದೇ ಗುರುತಿಸಿ, ತಟ್ಟೆ ಎಲ್ಲಿಟ್ಟಿರೆಂದು ಕೇಳಿದಳು.

ಗುರುರಾಜ ಪಡಸಾಲೆಯಲ್ಲಿ, ಹೋಮದ ಪಂಚೆಯಲ್ಲೇ, ಗೋಡೆಗೆ ಆತು ನಿಂತಿದ್ದ. ಅವನಿಗೆ ಹೇಳಬೇಕಾದದ್ದನ್ನು ನಾನು ಆಂಬುಲೆನ್ಸಿನಲ್ಲೇ ವಾಕ್ಯ ವಾಕ್ಯವಾಗಿ ಜೋಡಿಸಿಟ್ಟುಕೊಂಡಿದ್ದೆ. ಅವನೇ ಮೊದಲು ಬಾಯಿ ತೆರೆದ.

"ಅಕ್ಕನ್ನ ಕರಕೊಂಡು ಹೋಗ್ಬಿಡ್ರಿ ಭಾವಾ. ಆ ಕ್ವಾಣಿ ಖಾಲಿ ಇರಲಿ."

"ನೀ?"

"ನೌಕರಿ ಇಲ್ಲೇ ಅದ. ಮನಿ ಕೊಂಡೀನಿ." ಸ್ವಲ್ಪ ತಡೆದು ಮುಂದುವರಿಸಿದ: "ನಿನ್ನೆ ಕರೆಂಟ್ ಹೋದಾಗ ನೀವು ನನ್ನ ಮಾರಿ ನೋಡಿದ್ರಿ, ಗೊತ್ತದ. ದಿನಾ ಅಂಜತೀನಿ ನಾ. ಹಾದ್ಯಾಗ ಗಾಡಿ ಕೆಟ್ಟರ ಏನು, ಮಿಷಿನ್ ನಿಂತರ ಏನು. ವೀಣಾನ ಮುಂದ ಅನ್ನಂಗಿಲ್ಲ. ಅಕ್ಕ ಬಂದ್ರ ಧೈರ್ಯ ಬರ್ತದ ಅಂತ ಕರದೆ. ಮೊಣಕಾಲಿನ ಮಾತು ನೆಪ."

ಜೋಡಿಸಿಟ್ಟ ವಾಕ್ಯಗಳಲ್ಲಿ ಒಂದನ್ನೂ ನಾನು ಆಡಲಿಲ್ಲ. ಅವು ಇನ್ನೂ ನನ್ನಲ್ಲೇ ಇವೆ.

ಸೋಮವಾರ ಗಾಲಿಕುರ್ಚಿಯಲ್ಲಿ ಕಮಲಾಳನ್ನು ವಿಮಾನ ಹತ್ತಿಸಿದೆ. ಈ ಸಲ ಗುರುರಾಜ ಒಳಗಿನವರೆಗೂ ಬಂದ. ಅಕ್ಕನ ಪಾದ ಮುಟ್ಟಲು ಬಗ್ಗಿದವನು, ಪಟ್ಟಿಗಳನ್ನು ಕಂಡು ಕೈ ಹಿಂದೆಗೆದು, ಅವಳ ಮಡಿಲಿಗೆ ಹಣೆಯಿಟ್ಟ. "ಚಳಿಗಾಲದಾಗ ಬರ್ತೀನೋ" ಎಂದಳು ಅವಳು. ನನ್ನ ಕಡೆ ನೋಡಲಿಲ್ಲ. ನನ್ನ ತೀರ್ಪನ್ನು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಜರ್ಮನ್‌ಟೌನಿನಲ್ಲಿ ಮಳೆ ಸುರಿಯುತ್ತಿತ್ತು. ಅವಳು ಕಾರಿನ ಕಿಟಕಿ ಇಳಿಸಿ ಕೈ ಹೊರಗೆ ಚಾಚಿದಳು.

ಪಾದಗಳು ಮಾಗಿವೆ. ಆದರೆ ನಮ್ಮಲ್ಲಿ ಸಂಜೆಯಾದರೆ ಅಲ್ಲಿ ಸುಡುವ ಮೂರು ಗಂಟೆ. ಆ ಹೊತ್ತಿಗೆ ಅವಳು ತಮ್ಮನಿಗೆ ಫೋನು ಮಾಡುತ್ತಾಳೆ. ಮಿಷಿನ್ ನಡೀತದಿಲ್ಲೋ, ನೀರು ಕುಡಿದ್ಯೋ ಇಲ್ಲೋ. ಅವನು ಉತ್ತರಿಸುವವರೆಗೆ ಮನೆಯಲ್ಲಿ ಯಾರೂ ಮಾತಾಡುವಂತಿಲ್ಲ. ಮೊನ್ನೆ ಗುರುವಾರ ಅವನು ಎತ್ತಲಿಲ್ಲ. ವೀಣಾಳೂ ಎತ್ತಲಿಲ್ಲ. ಕಮಲಾ ಮತ್ತೆ ಮತ್ತೆ ಗುಂಡಿ ಒತ್ತುತ್ತಿದ್ದಳು. ನಾನು ಬಾಲ್ಕನಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಲ್ಕನಿಗೆ ತಿರುಗುತ್ತಿದ್ದೆ. ದೀಪ ಹಚ್ಚುವ ಹೊತ್ತಿಗೆ ನನ್ನ ಫೋನೇ ಸದ್ದು ಮಾಡಿತು. ಆಫೀಸಿನಲ್ಲಿ ಮೀಟಿಂಗು ಇತ್ತಂತೆ, ವೀಣಾ ಮಲಗಿದ್ದಳಂತೆ.

"ಏನ್ ಭಾವಾ, ನಾ ಸುಟ್ಟ ಬೂದಿಯಾದೆ ಅಂತ ಮಾಡಿದ್ರ್ಯಾ?" ಎಂದು ನಕ್ಕ.

ಫೋನನ್ನು ಕಮಲಾಳ ಕೈಗೆ ಕೊಟ್ಟು ಕುಳಿತುಬಿಟ್ಟೆ. ಈ ಮಾತನ್ನೂ ನಾನು ಮರೆಯುವವನಲ್ಲ.