ಸೀದಾ ಹೋಗುವವರ ಹಜಾರ್ಡ್

ಇಂಗ್ಲಿಷಿನ ‘ಹಜಾರ್ಡ್’ ಎಂಬ ಪದವನ್ನು ನಾನು ಶಾಲೆಯಲ್ಲಿ ಕಲಿಯಲಿಲ್ಲ. ಐವತ್ತು ದಾಟಿದ ಮೇಲೆ, ಮಲಾಡಿನ ಟ್ರಾಫಿಕ್ಕಿನ ನಡುವೆ ಕಾರು ಕಲಿಯುತ್ತ ಕಲಿತೆ, ಅದೂ ತಪ್ಪಾಗಿ.

ನನ್ನ ಡ್ರೈವಿಂಗ್ ಮಾಸ್ತರರು ವಿಜಯಪುರದ ಕಡೆಯ ಸಿದ್ದಪ್ಪ. ಸ್ಟಿಯರಿಂಗಿನ ಪಕ್ಕದಲ್ಲಿ ಕೆಂಪು ತ್ರಿಕೋನವಿದ್ದ ಗುಂಡಿಯೊಂದನ್ನು ತೋರಿಸಿ ಇದೇನು ಎಂದು ಕೇಳಿದೆ. “ಅದು ಹಜಾರ್ಡ್ ರೀ ಸರ. ಎಡಕ್ಕ ಹೊಳ್ಳೂದಿದ್ರ ಎಡಗಡಿ ಲೈಟ್, ಬಲಕ್ಕ ಹೊಳ್ಳೂದಿದ್ರ ಬಲಗಡಿ ಲೈಟ್. ಸೀದಾ ಹೋಗೂದಿದ್ರ ಎರಡೂ ಹಾಕ್ರಿ,” ಎಂದರು. ಆ ತರ್ಕದಲ್ಲಿ ದೋಷ ಹುಡುಕಲು ನನ್ನಿಂದಾಗಲಿಲ್ಲ. ಮುಂಬಯಿಯ ಎಷ್ಟೋ ಗಾಡಿಗಳು ಹೀಗೆಯೇ ಎಲ್ಲ ದೀಪ ಮಿಣುಕಿಸುತ್ತ ಸಿಗ್ನಲ್ ದಾಟುತ್ತವೆ.

ಮನೆಗೆ ಬಂದು ನಿಘಂಟು ತೆಗೆದೆ. ಹಜಾರ್ಡ್ ಎಂದರೆ ಅಪಾಯ. ಮೊದಲು ಅದು ದಾಳದ ಆಟವೊಂದರ ಹೆಸರಾಗಿತ್ತಂತೆ. ಅರಬರಿಂದ ಫ್ರೆಂಚರಿಗೆ, ಅವರಿಂದ ಇಂಗ್ಲಿಷರಿಗೆ ದಾಟಿರಬೇಕು ಎಂದು ಪಂಡಿತರ ಊಹೆ. ದಾಳಕ್ಕೆ ರಾಜ್ಯವನ್ನೇ ಒಡ್ಡಿದವರ ನಾಡಿನವರಾದ ನಮಗೆ ಇದು ಹೊಸ ಸುದ್ದಿಯಲ್ಲ. ಕಾರಿನಲ್ಲಿ ಆ ದೀಪವನ್ನು ಹಾಕಬೇಕಾದದ್ದು ಗಾಡಿ ಕೆಟ್ಟು ನಿಂತಾಗ. ಮರುದಿನ ಸಿದ್ದಪ್ಪನವರಿಗೆ ಹೇಳಿದೆ. “ಕೆಟ್ಟು ನಿಂತದ್ದು ಎಲ್ಲಾರಿಗೂ ಕಾಣ್ತದಲ್ರೀ, ಅದಕ್ಯಾಕ ಲೈಟು?” ಎಂದರು.

ನನ್ನ ಹೆಂಡತಿ ವನಜಾ ಉಡುಪಿಯವಳು. ನಾನು ಓಡಿಸುವ ಕಾರಿನಲ್ಲಿ ಕೂರುವುದಿಲ್ಲವೆಂದು ಶುರುವಿನಲ್ಲೇ ಹೇಳಿಬಿಟ್ಟಿದ್ದಳು. ಬೇಕಾದರೆ ಲೋಕಲ್ ರೈಲಿನಲ್ಲಿ ನಿಂತೇ ಹೋಗುತ್ತಾಳಂತೆ. ಲೈಸೆನ್ಸ್ ಬಂದ ಮೇಲೂ ಪಕ್ಕದ ಸೀಟು ಖಾಲಿಯೇ ಇತ್ತು. ನನಗೆ ಅದರಿಂದ ನಿಜಕ್ಕೂ ಬೇಸರವಾಗುತ್ತಿತ್ತು. ಬಹಳ ಬೇಡಿಕೊಂಡ ಮೇಲೆ ಒಂದು ಭಾನುವಾರ, ಭಾಂಡುಪಿನ ಅವಳ ತಂಗಿಯ ಮನೆಗೆ ಹೋಗಲು ಒಪ್ಪಿದಳು. ಇದೊಂದು ಸಲ ಸರಿಹೋದರೆ ಮುಂದೆಯೂ ಬರುತ್ತಾಳೆ, ಇಲ್ಲದಿದ್ದರೆ ಇಲ್ಲ.

ಗೋರೆಗಾಂವ್ ದಾಟುತ್ತಲೇ ಕಾರು ನಡುರಸ್ತೆಯಲ್ಲಿ ನಿಂತಿತು. ಗುಂಡಿ ಒತ್ತಿದೆ. ಹಜಾರ್ಡನ್ನು ಸರಿಯಾದ ಅರ್ಥದಲ್ಲಿ ಬಳಸಿದವನು ಆ ರಸ್ತೆಯಲ್ಲಿ ನಾನೊಬ್ಬನೇ ಎಂದು ಒಳಗೊಳಗೇ ಹೆಮ್ಮೆಯಾಯಿತು. ನಾನು ಸೀದಾ ಹೋಗುತ್ತೇನೆಂದು ಹಿಂದಿನವರು ಕಾದರು, ಆಮೇಲೆ ಹಾರ್ನ್ ಹೊಡೆದರು. ರಿಕ್ಷಾದವನೊಬ್ಬ ಪಕ್ಕಕ್ಕೆ ಬಂದು, “ಸೀದಾ ಜಾನಾ ಹೈ ತೋ ಜಾವೋ ನಾ, ಕಾಕಾ,” ಎಂದು ಹೇಳಿ ಹೋದ. ಅವನ ಬೆನ್ನಿಗೇ ಬಂದ ನೀರಿನ ಟ್ಯಾಂಕರು ಕಿರುಚುತ್ತ ಬ್ರೇಕ್ ಹಾಕಿ, ನಮಗೆ ತಾಗುವಷ್ಟು ಹತ್ತಿರ ನಿಂತಿತು.

ವನಜಾ ಇಳಿದಳು. ರಸ್ತೆ ಬದಿಯ ಮರದಿಂದ ಎಲೆ ತುಂಬಿದ ಕೊಂಬೆಯೊಂದನ್ನು ಮುರಿದು ತಂದು, ಘಾಟಿಯಲ್ಲಿ ಕೆಟ್ಟು ನಿಂತ ಲಾರಿಗಳವರು ಮಾಡುವ ಹಾಗೆ, ಡಿಕ್ಕಿಯ ಬಾಗಿಲಿಗೆ ಸಿಕ್ಕಿಸಿದಳು. ಇಡೀ ರಸ್ತೆಗೆ ತಕ್ಷಣ ಅರ್ಥವಾಯಿತು. ಟ್ಯಾಂಕರು ಸೌಜನ್ಯದಿಂದ ಬಳಸಿಕೊಂಡು ಹೋಯಿತು, ಹಿಂದಿದ್ದವರೂ ಹೋದರು. ನಾನು ದೀಪ ಆರಿಸಿದೆ.

ಮೆಕ್ಯಾನಿಕ್ ಬಂದು ಬಾನೆಟ್ಟಿನೊಳಗೆ ಏನೋ ಬಿಗಿದ, ಕಾರು ಶುರುವಾಯಿತು. ಇವಳು ಇನ್ನು ರಿಕ್ಷಾ ಹಿಡಿಯುತ್ತಾಳೆ ಎಂದುಕೊಂಡು, ಕೊಂಬೆಯನ್ನು ಕಿತ್ತು ಎಸೆಯಲು ಹೊರಟೆ. ಅವಳು ಅದನ್ನು ನನ್ನ ಕೈಯಿಂದ ತೆಗೆದು ಹಿಂದಿನ ಸೀಟಿನಲ್ಲಿಟ್ಟು, ಮುಂದೆ ನನ್ನ ಪಕ್ಕದಲ್ಲಿ ಬಂದು ಕೂತಳು.

“ಬಿಸಾಡ್ಬೇಡಿ ಮಾರಾಯ್ರೆ,” ಎಂದಳು. “ವಾಪಸ್ ಬರ್ಲಿಕ್ಕೆ ಉಂಟಲ್ಲ. ನೀವೇ ಅಲ್ವಾ ಓಡಿಸುವುದು?”