ಬಾಯಿ ತೆರೆಯುವ ಹಡಗಿನ ದೊಡ್ಡಹನುಮಯ್ಯ

ಬೈರಮಂಗಲದ ದೊಡ್ಡಹನುಮಯ್ಯ ಹಡಗಿನ ಮಾತು ಎತ್ತಿದನೆಂದರೆ ಅರಳಿಕಟ್ಟೆಯ ಮೇಲಿದ್ದವರು ಒಬ್ಬೊಬ್ಬರಾಗಿ ಪಂಚೆ ಕೊಡವಿಕೊಂಡು ಏಳುತ್ತಿದ್ದರು. ಅವರನ್ನಾದರೂ ಅಂದು ಏನು ಬಂತು? ಕೇಳಿದ್ದನ್ನೇ ಎಷ್ಟು ಸಲ ಕೇಳುವುದು! ಬಿಡದಿಯಲ್ಲಿ ಕಾರಿನ ಕಾರ್ಖಾನೆ ಬಂದು, ಹೊಲಗಳಿಗೆಲ್ಲ ತಂತಿಬೇಲಿ ಬಿದ್ದು, ಹುಡುಗರು ಕತ್ತಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಕಂಪನಿ ಬಸ್ಸಿಗೆ ಓಡುವ ಕಾಲದಲ್ಲಿ ಮುದುಕನ ಹಡಗು ಯಾರಿಗೆ ಬೇಕು?

ಆದರೆ ಹಡಗಿನ ಕತೆ ಕೇಳುವಂಥದ್ದೇ. ಎರಡನೇ ಮಹಾಯುದ್ಧದ ಕಾಲಕ್ಕೆ ಇಂಗ್ಲೆಂಡಿನಲ್ಲಿ ಕಟ್ಟಿದ್ದು. ಉಳಿದ ಹಡಗುಗಳು ಮರ್ಯಾದೆಯಾಗಿ ಬಂದರಿನಲ್ಲಿ ನಿಂತರೆ ಇದು ಸೀದಾ ಮರಳದಂಡೆಗೇ ನುಗ್ಗಿ ಕೂರುತ್ತಿತ್ತು. ಅದಕ್ಕೇ ತಳ ಚಪ್ಪಟೆ. ಮೂತಿಯಲ್ಲಿ ಎರಡು ದೊಡ್ಡ ಬಾಗಿಲು. ಅವು ಬಾಯಿ ತೆರೆದರೆ ಒಳಗಿನಿಂದ ಕಬ್ಬಿಣದ ಹಲಗೆ ಕೆಳಗಿಳಿದು, ಅದರ ಮೇಲೆ ಟ್ಯಾಂಕು, ಜೀಪು, ಸಿಪಾಯಿಗಳು ಎಲ್ಲ ನೆಲಕ್ಕೆ. ನೀರು ಏರಿದಾಗ ಬಾಗಿಲು ಮುಚ್ಚಿಕೊಂಡು ಹಿಂದಕ್ಕೆ. ಯುದ್ಧ ಮುಗಿದ ಮೇಲೆ ಅದು ನಮ್ಮ ನೌಕಾಪಡೆಗೆ ಬಂತು, ಅಂಡಮಾನಿಗೆ ಅಕ್ಕಿ ಸಿಮೆಂಟು ಸಾಗಿಸಿತು, ಅರವತ್ತೈದರ ಯುದ್ಧದ ವರ್ಷ ದಂಡು ಹೊತ್ತಿತು, ಕಡೆಗೆ ಮುಪ್ಪಾಗಿ ಗುಜರಿಗೆ ಹೋಯಿತು. ಇಷ್ಟೂ ನಿಜ, ಮುದುಕ ಅದರಲ್ಲಿ ನೌಕರಿಗಿದ್ದದ್ದೂ ನಿಜ. ಅದರಲ್ಲಿ ತಾನು ತೋಪು ಹಾರಿಸುತ್ತಿದ್ದೆ ಎಂದು ದೊಡ್ಡಹನುಮಯ್ಯ ಊರಿಗೆಲ್ಲ ಹೇಳಿಕೊಂಡಿದ್ದು ಮಾತ್ರ ಶುದ್ಧ ಸುಳ್ಳು.

ಹೆಂಡತಿ ವರಲಕ್ಷ್ಮಮ್ಮನಿಗೆ ಆ ಹಡಗೆಂದರೆ ಮೈಯೆಲ್ಲ ಉರಿ. ಅರವತ್ತೈದರಲ್ಲಿ ಅವರ ಮೊದಲ ಮಗು, ಮೂರು ವರ್ಷದ ಗೌರಿಗೆ ವಿಷಮಜ್ವರ ಬಂತು. ಗಂಡನಿಗೆ ತಂತಿ ಕೊಡಿಸಿದಳು. ಬರಲಿಲ್ಲ. ಮಗು ತೀರಿಕೊಂಡು, ಮೂರನೆಯ ದಿನದ ಹಾಲುತುಪ್ಪವೂ ಮುಗಿದು ಎಷ್ಟೋ ದಿನದ ಮೇಲೆ ಬಂದ. ಬಂದವನು ಸುಮ್ಮನಿರಬಾರದೇ? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಂತಿ ಕೈಗೆ ಸಿಕ್ಕಾಗ ಹಡಗು ಮದ್ರಾಸಿನ ಆಚೆಯ ಮರಳದಂಡೆಯ ಮೇಲೆ ಬಾಗಿಲು ತೆರೆದು ನಿಂತಿತ್ತು ಎಂದುಬಿಟ್ಟ.

"ನೆಲದ್ ಮ್ಯಾಲೆ ನಿಂತಿತ್ತು, ಬಾಗ್ಲೂ ತೆಗ್ದಿತ್ತು, ದಂಡೆಲ್ಲಾ ಇಳ್ದೋಯ್ತು," ಎಂದಳು ವರಲಕ್ಷ್ಮಮ್ಮ. "ನಿಂಗ್ ಮಾತ್ರ ಇಳ್ಯಕ್ಕೆ ಕಾಲು ಬರ್ನಿಲ್ವಾ?"

ಅವನು ಹೆಗಲಿಗೆ ಟವಲು ಹಾಕಿಕೊಂಡು ಹೊಲದ ದಾರಿ ಹಿಡಿದ. ಆಮೇಲೆ ಗಂಡುಮಕ್ಕಳಾದರು, ಸೊಸೆಯರು ಬಂದರು, ಮನೆ ತುಂಬ ಜನ. ಸಂಸಾರಕ್ಕೇನೂ ಕೊರತೆಯಾಗಲಿಲ್ಲ. ಆದರೆ ಗೌರಿಯ ಹೆಸರನ್ನು ಆಕೆ ಅವನೆದುರು ಮತ್ತೆ ಎತ್ತಲೇ ಇಲ್ಲ, ಅವನು ಎತ್ತಹೋದರೆ ಎದ್ದು ಹಟ್ಟಿಯ ಕಡೆ ನಡೆದುಬಿಡುತ್ತಿದ್ದಳು.

ಈಗ ಅವಳ ಕಣ್ಣು ಹೋಗುತ್ತಿತ್ತು. ನರ ಒಣಗಿದೆ, ಇದ್ದಬದ್ದ ನೋಟವೂ ಹೆಚ್ಚು ದಿನ ಉಳಿಯದು ಎಂದು ಡಾಕ್ಟರು ಹೇಳಿದ್ದರು. ದೊಡ್ಡಹನುಮಯ್ಯನಿಗೆ ಅದೇ ಚಿಂತೆಯಾಯಿತು. ಕತ್ತಲೆಯಲ್ಲಿ ಕೂತ ಜೀವ ಇನ್ನು ಆ ಒಂದೇ ಪ್ರಶ್ನೆಯನ್ನು ತಿರುವಿ ಹಾಕುತ್ತ ಕೂರುತ್ತದಲ್ಲ! ಬಾಯಲ್ಲಿ ಹೇಳಿದರೆ ಕೇಳುವವಳಲ್ಲ. ಮರದ ಹಡಗೊಂದನ್ನು ಮಾಡಿಸಿ ಕೈಗೆ ಕೊಟ್ಟರೆ ಮುಟ್ಟಿ ನೋಡಿಯಾಳು ಎಂದುಕೊಂಡು, ಅರಳಿಕಟ್ಟೆಯ ಗೆಳೆಯ ಲಕ್ಷ್ಮಯ್ಯನನ್ನು ಜೊತೆಗೆ ಕರೆದುಕೊಂಡು, ರೈಲು ಹತ್ತಿ ಚನ್ನಪಟ್ಟಣಕ್ಕೆ ಹೋದ. ಗೊಂಬೆ ಮಾಡುವ ಸಮದ್‌ಗೆ ಹಡಗನ್ನು ಕೈಯಲ್ಲೇ ಬರೆದು ತೋರಿಸಿ, ತೋಪಿನ ಪ್ರತಾಪವನ್ನೂ ಒಸಿ ಸೇರಿಸಿ ಹೇಳಿ ಬಂದ.

ಮುಂದಿನ ವಾರ ಇಬ್ಬರೂ ಹೋದರೆ ಸಮದ್ ಹಡಗನ್ನು ತಿರುಗುವ ಲೇತ್ ಯಂತ್ರಕ್ಕೆ ಕೊಟ್ಟು ನುಣ್ಣಗೆ, ಗುಂಡಗೆ ಕಡೆದಿಟ್ಟಿದ್ದ. ಕೆಂಪು ಹಳದಿ ಅರಗು ಮಿರಮಿರ ಮಿಂಚುತ್ತಿತ್ತು. ನೆಲದ ಮೇಲಿಟ್ಟರೆ ಉರುಳಿಕೊಂಡು ಹೋಗಿ ಬಾಗಿಲಾಚೆ ಬಿತ್ತು.

"ಏನ್ ಸಾಬ್ರೇ, ಇದು ಹಡಗೋ ಲಟ್ಟಣಿಗೆಯೋ?" ಎಂದ ದೊಡ್ಡಹನುಮಯ್ಯ.

"ನಮ್ಮಪ್ಪನ ಕಾಲ್ದಿಂದ ಈ ಕೈಗೆ ಗುಂಡಗಿರೋದೇ ಗೊತ್ತು ಯಜಮಾನ್ರೇ," ಎಂದು ಸಮದ್ ನಕ್ಕ. "ಚಪ್ಪಟೆ ಅಂದ್ರಿ, ಕೈ ಕೇಳ್ಬೇಕಲ್ಲ? ಬುಡಿ, ಗರಗಸ ತಗೊಂಡು ಇನ್ನೊಂದ್ ಮಾಡಿಕೊಡ್ತೀನಿ."

ಮಾಡಿದ. ಈ ಸಲ ತಳ ಮಟ್ಟಸ, ಮೂತಿಯಲ್ಲಿ ತೆರೆಯುವ ಬಾಗಿಲು, ಇಳಿಯುವ ಹಲಗೆ, ಮೇಲೊಂದು ತೋಪು. ಖುಷಿಗೆ ಹೆಬ್ಬೆರಳಿನಷ್ಟು ಒಬ್ಬ ಮನುಷ್ಯನನ್ನೂ ಕಡೆದಿದ್ದ. ಆ ಗೊಂಬೆಯನ್ನು ಹಿಡಿದು ಕೇಳಿದ: "ಇದು ನೀವು. ತೋಪಿನ್ ತಾವ ಅಂಟಿಸ್ಲಾ?"

ದೊಡ್ಡಹನುಮಯ್ಯ ಓರೆಗಣ್ಣಲ್ಲಿ ನೋಡಿದ. ಪಕ್ಕದಲ್ಲಿ ಲಕ್ಷ್ಮಯ್ಯ ಕೂತಿದ್ದಾನೆ. ಇಲ್ಲಿ ಬಾಯಿಬಿಟ್ಟರೆ ಬಣ್ಣಗೇಡು. ಸಂಜೆಯೊಳಗೆ ಊರಿಗೆಲ್ಲ ಟಾಂ ಟಾಂ.

"ತೋಪಿನ್ ತಾವ ಬ್ಯಾಡ," ಎಂದ ಕಡೆಗೆ. "ಒಳಗಡೆ, ಬಾಗ್ಲು ಪಕ್ಕ ಅಂಟ್ಸಿ. ನನ್ ಜಾಗ ಅದೇಯ."

"ಏನ್ಲಾ, ಬಾಗ್ಲು ಕಾಯೋನಾ ನೀನು?" ಲಕ್ಷ್ಮಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ.

"ತೆಗ್ಯೋನು ಕಣ್ಲಾ. ಮುಚ್ಚೋನು."

ಅವನ ಮುಖ ನೋಡಿ ಲಕ್ಷ್ಮಯ್ಯನ ನಗು ಅಲ್ಲೇ ನಿಂತಿತು.

ಮನೆಗೆ ಬಂದಾಗ ವರಲಕ್ಷ್ಮಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಮಡಿಲಿಗೆ ಇಟ್ಟ. ಹಡಗೆಂದು ತಿಳಿದೊಡನೆ ಅತ್ತ ತಳ್ಳಿದಳು. ತಳ್ಳುವಾಗ ಬೆರಳು ತಾಗಿ ಬಾಗಿಲು ತೆರೆದುಕೊಂಡಿತು. ಕೈ ಸುಮ್ಮನಿರಲಿಲ್ಲ, ಹಲಗೆ ಸವರಿತು, ಒಳಗೆ ಹೋಯಿತು, ಮೂಲೆಯಲ್ಲಿ ಸಣ್ಣ ತಲೆಯೊಂದನ್ನು ಮುಟ್ಟಿತು.

"ಇದ್ಯಾರು?"

"ನಾನು."

"ತೋಪೆಲ್ಲೋಯ್ತು?"

"ತೋಪು ನಂದಲ್ಲ ಕಣಮ್ಮಿ. ಸುಳ್ಳೇಳ್ದೆ. ಬಾಗ್ಲು ನಂದು. ಒಳಗಿಂದ್ಲೇ ತೆಗೀಬೇಕು, ಒಳಗಿಂದ್ಲೇ ಮುಚ್ಬೇಕು. ಎಲ್ರುನೂ ಇಳಿಸ್ದೋನು ತಾನು ಇಳ್ಯಂಗಿಲ್ಲ. ತಂತಿ ಹಿಡ್ಕೊಂಡು ಹಡಗಿನ್ ಸಾಯೇಬ್ರ ಕಾಲಿಗ್ ಬಿದ್ದೆ. ಜತೆಯೋನು ಕಾಯ್ಲೆ ಬಿದ್ದವ್ನೆ, ನೀನೂ ಹೋದ್ರೆ ಹಡಗು ಇಲ್ಲೇ ಕುಂತ್ಕತದೆ ಅಂದ್ರು. ಎದುರ್ಗೇ ನೆಲ ಐತೆ, ರೋಡು ಐತೆ, ಬಸ್ ಹೋಯ್ತಾ ಐತೆ. ನೀರು ಏರ್ತು. ಮುಚ್ದೆ."

"ನೀನೇನಾ?"

"ಈ ಕೈಯಾಗೇ. ಅದ್ನ ನಿಂಗೆ ಯಾವ್ ಬಾಯಾಗ್ ಹೇಳ್ಲಿ?"

ವರಲಕ್ಷ್ಮಮ್ಮನ ಮಡಿಲಿನ ಅವರೆಕಾಯಿ ಜಾರಿ ನೆಲಕ್ಕೆ ಚೆಲ್ಲಿದರೂ ಎತ್ತಿಕೊಳ್ಳಲಿಲ್ಲ. ಆಮೇಲೆ ತಡಕಾಡಿ ಅವನ ಮುಂಗೈ ಹಿಡಿದಳು.

"ನೀನಿಲ್ಲ ಅಂತ ಗೌರಿಗೆ ಮೊದ್ಲ ಹಿಡಿ ಮಣ್ಣ ನನ್ ಕೈಲೇ ಹಾಕ್ಸಿದ್ರು," ಎಂದಳು. "ಅಂಥಾ ಪಾಪದ ಕೈ ನಂದೊಂದೇ ಅನ್ಕಂಡಿದ್ದೆ ಕಣಯ್ಯಾ."