ದೊಡ್ಡಮ್ಮನ ಪಾಲಿನ ಎಣ್ಣೆ

ಮೊನ್ನೆ ಗುಂಡ್ಲುಪೇಟೆಯ ಮದುವೆಮನೆಯೊಂದರಲ್ಲಿ ಗಂಡಿನ ಕಡೆಯವರೊಬ್ಬರು ನನ್ನ ಕೈ ಕುಲುಕಿದರು. ಆಮೇಲೆ ತಮ್ಮ ಕೈಯನ್ನು ಮೂಗಿನ ಬಳಿ ಒಯ್ದು, "ಗ್ಯಾರೇಜು ಇಟ್ಟಿದೀರಾ?" ಎಂದು ಕೇಳಿದರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ ಎಂದೆ. ನಂಬಿದ ಹಾಗೆ ಕಾಣಲಿಲ್ಲ. ತಪ್ಪು ಅವರದಲ್ಲ. ನಮ್ಮ ಬಾವಿಯ ಪಂಪಿಗೆ ತಾನೇ ತಾನಾಗಿ ಎಣ್ಣೆ ಬಿಡುವ ಯಂತ್ರ ಬಂದು ಆರು ವರ್ಷವಾಯಿತು. ನನ್ನ ಕೈಗೆ ಎಣ್ಣೆ ಅಂಟಿಕೊಂಡದ್ದು ಆ ಯಂತ್ರ ಬಂದ ಮೇಲೆಯೇ. ಅದು ಹೇಗೆಂದು ಹೇಳುತ್ತೇನೆ, ಕೇಳಿ.

ಹರದನಹಳ್ಳಿಯ ನಮ್ಮ ತೋಟದ ಪಂಪು ಹಳೆಯ ಕಾಲದ್ದು. ಮೋಟಾರು ಬಾವಿಯ ಮೇಲೆ ಕೂತಿದೆ, ಅದರಿಂದ ಉದ್ದನೆಯ ಶಾಫ್ಟು ನೀರಿನೊಳಕ್ಕೆ ಇಳಿದಿದೆ. ಮೇಲಿನಿಂದ ಎಣ್ಣೆ ಬೀಳದಿದ್ದರೆ ಶಾಫ್ಟು ಮೊದಲು ಕಿರುಚುತ್ತದೆ, ಆಮೇಲೆ ತಿರುಗುವುದನ್ನೇ ಬಿಡುತ್ತದೆ. ದೊಡ್ಡಪ್ಪ ತೀರಿಕೊಂಡಂದಿನಿಂದ ಎಣ್ಣೆ ಬಿಡುವ ಕೆಲಸ ದೊಡ್ಡಮ್ಮನದು. ದಿನಾ ಬೆಳಿಗ್ಗೆ ಕ್ಯಾನು ಹಿಡಿದು, ಮನೆಯವರ ಹೆಸರನ್ನು ಒಂದೊಂದಾಗಿ ಹೇಳುತ್ತ, ಹೆಸರಿಗೊಂದು ಸಲ ಒತ್ತುತ್ತಿದ್ದಳು. ಹಿಂದಿನ ದಿನ ಜಗಳವಾಡಿದವರ ಹೆಸರು ಬಿಟ್ಟುಹೋಗುತ್ತಿತ್ತು. ಹಸುಗಳ ಹೆಸರು ಮಾತ್ರ ಎಂದೂ ಬಿಟ್ಟುಹೋದದ್ದಿಲ್ಲ. ಎಲ್ಲ ಮುಗಿದು, "ಊ, ಆಕ್ಲಾ" ಎಂದ ಮೇಲೆಯೇ ನಾವು ಸ್ವಿಚ್ ಒತ್ತಬೇಕು. ಅರಿಶಿನಕ್ಕೆ, ಬಾಳೆಗೆ ನೀರು ಹರಿಯುತ್ತಿದ್ದುದು ಅವಳ ಅಪ್ಪಣೆಯಿಂದ. ನಮ್ಮ ಮನೆಯಲ್ಲಿ ಅವಳ ಮಾತು ಎದುರಿಲ್ಲದೆ ನಡೆಯುತ್ತಿದ್ದ ಜಾಗ ಅದೊಂದೇ.

ಇಷ್ಟು ನನಗೆ ಆಗ ಹೊಳೆಯಲಿಲ್ಲ. ಅವಳ ಮಂಡಿನೋವು ಕಂಡಿತು, ಪೇಟೆಯ ಅಂಗಡಿಯಲ್ಲಿ ಯಂತ್ರ ಕಂಡಿತು, ತಂದೆ. ಸ್ವಿಚ್ ಒತ್ತಿದರೆ ಮೊದಲು ಎಣ್ಣೆ ಡಬ್ಬಿಯ ಕೆಳಗಿನ ವಾಲ್ವು ತೆರೆದು ಒಂದು ನಿಮಿಷ ಎಣ್ಣೆ ತೊಟ್ಟಿಕ್ಕಬೇಕು, ಆಮೇಲೆ ಮೋಟಾರು ತಿರುಗಬೇಕು. ಮೋಟಾರು ನಿಂತರೆ ವಾಲ್ವೂ ಮುಚ್ಚಬೇಕು. ವೈರಿಂಗ್ ನಾನೇ ಮಾಡಿದೆ. ಒಂದು ಫೇಸು, ಒಂದು ನ್ಯೂಟ್ರಲ್ ಕೊಡಬೇಕಾದ ಕಡೆ ಎರಡು ಫೇಸು ಕೊಟ್ಟೆ. ವಾಲ್ವಿನ ಕಾಯಿಲು ಒಂದು ಊದುಬತ್ತಿ ಉರಿಯುವಷ್ಟು ಹೊತ್ತೂ ಬಾಳಲಿಲ್ಲ. ಹತ್ತನೇ ತರಗತಿಗೆ ವಿದ್ಯುತ್ತಿನ ಪಾಠ ಮಾಡುವವನು ನಾನೇ ಎಂಬುದನ್ನು ಇಲ್ಲಿ ಹೇಳದಿದ್ದರೂ ನಡೆಯುತ್ತಿತ್ತು.

ಕೊನೆಗೆ ಚಾಮರಾಜನಗರದಿಂದ ಪಾಷಾ ಸಾಹೇಬರನ್ನು ಕರೆಸಿದೆ. ಮೋಟಾರು ರಿಪೇರಿಯಲ್ಲೇ ತಲೆ ನರೆತವರು. ಹೊಸ ಕಾಯಿಲು ಹಾಕಿ, ವೈರು ತಿದ್ದಿ, ನಿಮಿಷಕ್ಕೆ ಇಷ್ಟು ಹನಿ ಎಂದು ಸ್ಕ್ರೂ ತಿರುಗಿಸಿ ಕೂರಿಸಿದರು.

"ಇನ್ನು ಮೇಲೆ ನೀವು ಬಾವಿ ಹತ್ರ ಬರೋದೇ ಬೇಡಮ್ಮ," ಎಂದರು ದೊಡ್ಡಮ್ಮನಿಗೆ.

"ಆಯ್ತು ಬುಡಪ್ಪ," ಎಂದಳು. ಅವಳು ಅಷ್ಟು ಸುಲಭಕ್ಕೆ ಒಪ್ಪಿದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ವಾರ ಕಳೆಯುವಷ್ಟರಲ್ಲಿ ಬಾವಿಯ ನೀರಿನ ಮೇಲೆ ಎಣ್ಣೆ ತೇಲಿತು. ಹಸು ತೊಟ್ಟಿಗೆ ಮೂತಿಯಿಟ್ಟು, ತಲೆಯೆತ್ತಿ ನನ್ನ ಮುಖ ನೋಡಿತು. ಅನ್ನಕ್ಕೂ ವಾಸನೆ ಬಂತು. ಪಾಷಾ ಸಾಹೇಬರು ಎರಡು ಸಲ ಬಂದು ಹನಿ ಎಣಿಸಿ, "ಎಲ್ಲಾ ಸರಿ ಇದೆ ಮೇಷ್ಟ್ರೇ," ಎಂದರು. ಎರಡನೆಯ ಸಲ ನಾಲ್ಕು ಜನರ ಎದುರಿಗೇ, "ನಿಮಗೆ ಈ ಕೆಲಸ ಬರಲ್ಲ ಅಂದ್ರೆ ಹೇಳಿಬಿಡಿ," ಎಂದುಬಿಟ್ಟೆ. ಅವರು ಚೀಲ ಹೆಗಲಿಗೇರಿಸಿ ಹೊರಟರು. ಮೂರನೆಯ ಸಲ ಬೆಳಗಿನ ಮೊದಲ ಬಸ್ಸಿಗೇ ಬಂದು ನೇರ ಬಾವಿಗೆ ಹೋದರಂತೆ. ನಾನು ಹಲ್ಲುಜ್ಜಿಕೊಂಡು ಹೋಗುವ ಹೊತ್ತಿಗೆ ಚೀಲ ಕಟ್ಟುತ್ತಿದ್ದರು. "ಸ್ಕ್ರೂ ಲೂಸಿತ್ತು ಮೇಷ್ಟ್ರೇ. ನಂದೇ ತಪ್ಪು," ಎಂದರು. ಅಂದಿನಿಂದ ನೀರು ತಿಳಿಯಾಯಿತು. ನಾನು ಕ್ಷಮಿಸುವವನ ಗತ್ತಿನಲ್ಲಿ ಕಾಫಿ ಕುಡಿಸಿ ಕಳಿಸಿದೆ.

ಎರಡು ತಿಂಗಳು ಕಳೆದು ದೊಡ್ಡಮ್ಮ ಗುಂಡ್ಲುಪೇಟೆಯಾಚೆಯ ಮದ್ದೂರಿಗೆ, ಮಗಳ ಮನೆಗೆ ಹೊರಟಳು. ಬಾಣಂತಿಗೆ ನೀರು ಹಾಕಲು ಹದಿನೈದು ದಿನ ಇದ್ದು ಬರುತ್ತೇನೆಂದಳು. ನಾಲ್ಕನೆಯ ದಿನ ಪಂಪು ಕಿರುಚಿತು. ಪಾಷಾ ಸಾಹೇಬರಿಗೆ ಫೋನು ಮಾಡಿದೆ. ನನ್ನ ಮಾತು ಮುಗಿಯುವ ಮೊದಲೇ ಕೇಳಿದರು:

"ಅಮ್ಮ ಊರಲ್ಲಿಲ್ವಾ?"

ಆಮೇಲೆ ನಿಧಾನವಾಗಿ ವಿಷಯ ಬಿಟ್ಟರು. "ಆವತ್ತು ನಾನು ಮೊದಲ್ನೇ ಬಸ್ಸಿಗೆ ಬಂದಾಗ ಅಮ್ಮ ಕ್ಯಾನ್ ಹಿಡ್ಕೊಂಡು ನಿಮ್ಮೆಲ್ಲರ ಹೆಸ್ರು ಹೇಳ್ತಾ ಎಣ್ಣೆ ಬಿಡ್ತಾ ಇದ್ರು. ಬೇಡ ಅನ್ನೋಕೆ ನನ್ಗೆ ಬಾಯಿ ಬರ್ಲಿಲ್ಲ. ಮಿಷನ್‌ದು ಅರ್ಧ ಕಮ್ಮಿ ಮಾಡ್ದೆ. ಅವರದ್ದರ್ಧ, ಅದರದ್ದರ್ಧ."

ಒಬ್ಬ ಮುದುಕಿಯ ಕೆಲಸ ಉಳಿಸಲು ಆ ಮನುಷ್ಯ ತಮ್ಮ ಹೆಸರು ಕೆಡಿಸಿಕೊಂಡಿದ್ದರು. ನನಗೆ ನಾಚಿಕೆಯಾಯಿತು. ಕ್ಷಮೆ ಕೇಳಿದರೆ, "ಬಿಡಿ ಮೇಷ್ಟ್ರೇ, ಮೊದಲು ಎಣ್ಣೆ ಬಿಡಿ," ಎಂದರು.

ಅಂದು ಸಂಜೆ ಮದ್ದೂರಿನಿಂದ ಫೋನು. ಕ್ಷೇಮಸಮಾಚಾರವಿಲ್ಲ, ಏನಿಲ್ಲ.

"ಪಂಪು ಕೂಗ್ತೇನ್ಲಾ?"

"ಕೂಗ್ತು ದೊಡ್ಡಮ್ಮ."

"ಊ. ಆ ಸಾಬ್ರು ತಿರುಪು ತಿರುಗ್ಸಿದ್ದು ನಂಗೊತ್ತಿಲ್ಲ ಅನ್ಕಂಡಿದ್ಯಾ? ನಾನಿಲ್ದಿದ್ರೆ ಎಷ್ಟ್ ದಿನ ಓಡ್ತದೆ ಅಂತ ನೋಡನ ಅಂತಿದ್ದೆ ಕಣ್ಲಾ. ನಾಳಿಕ್ಕೆ ಬತ್ತೀನಿ ಬುಡು."

ಮೊಮ್ಮಗು ಹುಟ್ಟಿದ ಸುದ್ದಿ ಹೇಳುವಾಗಲೂ ಅವಳ ದನಿಯಲ್ಲಿ ಅಷ್ಟು ಖುಷಿ ಇರಲಿಲ್ಲ.

ಈಗ ಎರಡು ವರ್ಷದಿಂದ ಅವಳಿಗೆ ಜಗಲಿಯ ಮೆಟ್ಟಿಲು ಇಳಿಯಲಾಗುವುದಿಲ್ಲ. ಅವಳ ಪಾಲಿನ ಅರ್ಧ ನನ್ನ ಕೈಗೆ ಬಂದಿದೆ. ಅಪ್ಪಣೆ ಮಾತ್ರ ಜಗಲಿಯಿಂದಲೇ. ಹೋದ ವಾರ ಸ್ಟಾರ್ಟರ್ ನೋಡಲು ಬಂದ ಪಾಷಾ ಸಾಹೇಬರು ಸ್ಕ್ರೂಡ್ರೈವರ್ ತೆಗೆದು, ದನಿ ತಗ್ಗಿಸಿ ಕೇಳಿದರು.

"ಅಮ್ಮ ಹೆಂಗೂ ಇಲ್ಲಿಗೆ ಬರಲ್ವಲ್ಲ. ಪೂರ್ತಿ ತಿರುಗಿಸ್ಬಿಡ್ಲಾ? ನಿಮ್ಗೂ ರಗಳೆ ತಪ್ತದೆ."

ನಿಜ ಹೇಳುತ್ತೇನೆ, ಹೂಂ ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಜಗಲಿಯಿಂದ ಕೂಗು ಕೇಳಿಸಿತು:

"ಬುಟ್ಟೇನ್ಲಾ?"

ನಾನು ಉತ್ತರ ಕೊಡುವ ಮೊದಲೇ ಪಾಷಾ ಸಾಹೇಬರು, "ಬಿಡ್ತಾ ಇದಾರಮ್ಮ," ಎಂದು ಕೂಗಿ ಹೇಳಿ, ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿ, ಎಣ್ಣೆ ಕ್ಯಾನು ಎತ್ತಿ ನನ್ನ ಕೈಗೆ ಕೊಟ್ಟರು.